ಮ್ಯೂಸಿಯಂನ ಮಡಕೆ ಯಾರ ಕೈ ದಾಟಿ ಬಂತು? ಹುಡುಕುವುದು ಹೀಗೆ

ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಸುರುಳಿ ಚಿತ್ತಾರದ ಒಂದು ಮಡಕೆ. ಪಕ್ಕದ ಚೀಟಿಯಲ್ಲಿ ‘ಬಾನ್ ಚಿಯಾಂಗ್, ಥಾಯ್ಲೆಂಡ್. ಇಂಥವರ ಕೊಡುಗೆ’ ಎಂದಿದೆ. ಕೊಟ್ಟವರು ಯಾರೆಂದು ಗೊತ್ತಾಯಿತು. ಅವರ ಕೈಗೆ ಕೊಟ್ಟವರು ಯಾರು? ನೆಲದಿಂದ ಅಗೆದವರು ಯಾರು? ಚೀಟಿ ಹೇಳುವುದಿಲ್ಲ. ಆಗ್ನೇಯ ಏಷ್ಯಾದ ಎಷ್ಟೋ ಪಾತ್ರೆಗಳ ಕಥೆ ಹೀಗೆ ಅರ್ಧಕ್ಕೇ ನಿಂತಿದೆ. ಉಳಿದದ್ದನ್ನು ಹುಡುಕಲು ಒಂದು ನೋಟ್‌ಬುಕ್ಕು, ಜಾಸ್ತಿ ತಾಳ್ಮೆ ಬೇಕು.

ಮೊದಲು ಮ್ಯೂಸಿಯಂ ಆ ವಸ್ತುವಿಗೆ ಕೊಟ್ಟ ನಂಬರ್ ಓದಿ. ಅಮೆರಿಕದ ಸ್ಮಿತ್ಸೋನಿಯನ್‌ನ ಏಷ್ಯನ್ ಕಲಾ ಮ್ಯೂಸಿಯಂನಲ್ಲಿ ಎಷ್ಟೋ ವಸ್ತುಗಳ ನಂಬರಿನಲ್ಲೇ ಅವು ಬಂದ ವರ್ಷ ಇರುತ್ತದೆ. ಬ್ರಿಟಿಷ್ ಮ್ಯೂಸಿಯಂ ನಂಬರಿನಲ್ಲಿ ಸಾಮಾನ್ಯವಾಗಿ ಇಸವಿಯ ಜೊತೆ ತಿಂಗಳು, ತಾರೀಕೂ ಸಿಗುತ್ತವೆ. ಅಲ್ಲಿಂದ ಹಿಂದಕ್ಕೆ ನಡೆಯಿರಿ.

ಆಮೇಲೆ ತಳದ ಫೋಟೊ ಕೇಳಿ. ಅಂದ ಮೈಮೇಲಿದ್ದರೆ ಚರಿತ್ರೆ ತಳದಲ್ಲಿರುತ್ತದೆ. ವ್ಯಾಪಾರಿಯ ಸ್ಟಿಕ್ಕರ್, ಹರಾಜಿನ ನಂಬರ್, ಮಸಿಯಲ್ಲಿ ಬರೆದ ಗುರುತು ಎಲ್ಲವನ್ನೂ ಬರೆದುಕೊಳ್ಳಿ. ವಿಯೆಟ್ನಾಂನ ಹೋಯಿ ಆನ್ ಬಳಿ ಮುಳುಗಿದ್ದ ಹಡಗಿನಿಂದ 1990ರ ದಶಕದ ಕೊನೆಯಲ್ಲಿ ಎರಡೂವರೆ ಲಕ್ಷದಷ್ಟು ಪಾತ್ರೆಗಳನ್ನು ಮೇಲೆತ್ತಿದರು. 2000ದಲ್ಲಿ ಅಮೆರಿಕದಲ್ಲಿ ಬಹಳಷ್ಟು ಹರಾಜಾದವು. ಆ ಹರಾಜಿನ ಸ್ಟಿಕ್ಕರ್ ಇನ್ನೂ ಅಂಟಿಕೊಂಡಿದ್ದರೆ ದಾರಿ ಸುಲಭ. ಸ್ಟಿಕ್ಕರ್ ಇಲ್ಲದೆ ಕಡಲ ಚಿಪ್ಪು ಅಂಟಿದ್ದರೆ ಪಾತ್ರೆ ನೀರಿನಲ್ಲಿತ್ತು ಎಂದರ್ಥ. ಬೇರಿನ ಗುರುತು, ಒಣಗಿದ ಮಣ್ಣು ಕಂಡರೆ ನೆಲದಲ್ಲಿತ್ತು. ಜಪಾನಿನ ಮರದ ಪೆಟ್ಟಿಗೆ ಜೊತೆಗಿದ್ದರೆ ಅದರ ಬರಹವನ್ನೂ ಓದಿಸಿ. ಅಲ್ಲಿನ ಚಹಾ ರಸಿಕರು ಥಾಯ್ ಪಾತ್ರೆಗಳನ್ನು ‘ಸುಂಕೊರೊಕು’ ಎಂದು ಕರೆದು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಪೆಟ್ಟಿಗೆ ಬದಲಾಗಿರಬಹುದು, ಅದೊಂದನ್ನೇ ನಂಬಬೇಡಿ.

ಇನ್ನು ಎಲ್ಲಕ್ಕಿಂತ ಮುಖ್ಯ ಕೆಲಸ. ನೋಟ್‌ಬುಕ್ಕಿನ ಎಡಕ್ಕೆ ಮಡಕೆಯ ಇಸವಿಗಳು, ಬಲಕ್ಕೆ ಆ ಊರಿನ ಮತ್ತು ಕಾನೂನಿನ ಇಸವಿಗಳು. ಬಾನ್ ಚಿಯಾಂಗನ್ನೇ ನೋಡಿ. ಪರವಾನಗಿ ಇಲ್ಲದೆ ಹಳೆಯ ವಸ್ತುಗಳನ್ನು ಹೊರಗೆ ಸಾಗಿಸಬಾರದೆಂದು ಥಾಯ್ಲೆಂಡ್ 1961ರಲ್ಲೇ ಕಾನೂನು ಮಾಡಿತು. ಹೊರ ಜಗತ್ತಿಗೆ ಈ ಹಳ್ಳಿ ಗೊತ್ತಾದದ್ದು 1966ರ ನಂತರ. ಅಮೆರಿಕದ ವಿದ್ಯಾರ್ಥಿಯೊಬ್ಬ ಮರದ ಬೇರು ತಡವಿ ಬಿದ್ದಾಗ, ಮುಖದ ಮುಂದೆಯೇ ಮಡಕೆಗಳ ಬಾಯಿ ಕಂಡಿದ್ದವು! ಅಂದಮೇಲೆ ಪರದೇಶದಲ್ಲಿರುವ ಬಾನ್ ಚಿಯಾಂಗ್ ಮಡಕೆ ಕಾನೂನು ಬಂದ ಮೇಲೆಯೇ ಹೊರಟಿರಬೇಕು, ಅಲ್ವಾ? ಹಾಗಾದರೆ ಪರವಾನಗಿ ಪತ್ರ ಎಲ್ಲಿ? 2008ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಮ್ಯೂಸಿಯಂಗಳಲ್ಲಿ ಸರ್ಕಾರಿ ಏಜೆಂಟರು ಶೋಧ ನಡೆಸಿದರು. ಕೊನೆಗೆ 2014ರಲ್ಲಿ ಅವುಗಳಲ್ಲೊಂದಾದ ಬೋವರ್ಸ್ ಮ್ಯೂಸಿಯಂ 542 ವಸ್ತುಗಳನ್ನು ಥಾಯ್ಲೆಂಡಿಗೆ ಹಿಂತಿರುಗಿಸಲು ಒಪ್ಪಿತು.

ದಾಖಲೆಯಲ್ಲಿ ‘ಖಾಸಗಿ ಸಂಗ್ರಹ’, ‘1970ಕ್ಕೂ ಮುಂಚೆ’ ಎಂಬ ಮಾತು ಬಂದರೆ ಅಲ್ಲೇ ನಿಲ್ಲಿ. ಇಂಥ ವಸ್ತುಗಳ ಅಕ್ರಮ ಸಾಗಾಟ ತಡೆಯುವ ಯುನೆಸ್ಕೊ ಒಪ್ಪಂದವಾದ ಇಸವಿ 1970. ಅದಕ್ಕೇ ಎಲ್ಲರೂ ಆ ಗೆರೆಯ ಆಚೆ ನಿಲ್ಲಲು ನೋಡುತ್ತಾರೆ. ರಸೀದಿ, ಪತ್ರ, ಹಳೆಯ ಫೋಟೊ ಯಾವುದಾದರೂ ಇರಲೇಬೇಕು. ಸುಮ್ನೆ ಬಾಯಿಮಾತು ಸಾಲದು.

ಕೊನೆಗೆ ಮ್ಯೂಸಿಯಂಗೆ ಪತ್ರ ಬರೆಯಿರಿ. ನಂಬರ್ ಹಾಕಿ, ಒಂದೇ ಪಾತ್ರೆಯ ಬಗ್ಗೆ ನೇರವಾಗಿ ಕೇಳಿ. ಸಾಧ್ಯವಾದರೆ ಆ ಪಾತ್ರೆ ಹುಟ್ಟಿದ ಸೀಮೆಗೂ ಬರೆಯಿರಿ. ಇಸ್ತಾಂಬುಲ್‌ನ ಟೋಪ್‌ಕಾಪಿ ಅರಮನೆಯಲ್ಲಿ ನೀಲಿ ಚಿತ್ತಾರದ ಒಂದು ಹೂಜಿ ಇದೆ. ಅದರ ಮೇಲೆ 1450ಕ್ಕೆ ಹೊಂದುವ ಇಸವಿ, ನಾಮ್ ಸಾಕ್ ಎಂಬ ಸೀಮೆಯ ಹೆಸರು ಬರೆದಿದೆ. ಜಪಾನಿನ ರಾಜತಾಂತ್ರಿಕರೊಬ್ಬರು ಅದನ್ನು ನೋಡಿ, 1980ರಲ್ಲಿ ವಿಯೆಟ್ನಾಂನ ಆಗಿನ ಹಾಯ್ ಹುಂಗ್ ಪ್ರಾಂತ್ಯಕ್ಕೆ ಪತ್ರ ಬರೆದು ವಿಚಾರಿಸಿದರು. ಅಲ್ಲಿನವರು ಹುಡುಕಲು ಹೊರಟರು. 1986ರಲ್ಲಿ ಚು ದೌ ಹಳ್ಳಿಯಲ್ಲಿ ಅಗೆತ ಶುರುವಾಯಿತು, ಜನ ಮರೆತೇಬಿಟ್ಟಿದ್ದ ಹಳೆಯ ಆವಿಗೆಗಳ ಕುರುಹು ಸಿಕ್ಕವು. ಹೋಯಿ ಆನ್ ಹಡಗಿನ ಪಾತ್ರೆಗಳೂ ಅದೇ ಸೀಮೆಯ ಬೆಂಕಿಯಲ್ಲಿ ಬೆಂದವು ಎಂದು ಗುರುತಿಸಲು ಸಾಧ್ಯವಾದದ್ದು ಆಮೇಲೆ.