ಕಾಫಿ ಕಣದಲ್ಲಿ ಅಮ್ಮಂದಿರ ಕೇಲಿ

ಮೇ ತಿಂಗಳ ಎರಡನೇ ಭಾನುವಾರ ಅಮ್ಮಂದಿರ ದಿನ. ಅಷ್ಟು ಹೊತ್ತಿಗೆ ಚಿಕ್ಕಮಗಳೂರು, ಮೂಡಿಗೆರೆ ಕಡೆ ಕಾಫಿ ಒಣಗಿಸುವ ಕೆಲಸ ಮುಗಿದು ಕಣ ಖಾಲಿ ಬಿದ್ದಿರುತ್ತದೆ. ಮಕ್ಕಳಿಗೆ ರಜೆ, ಮುಂಗಾರು ಇನ್ನೂ ಹಿಡಿದಿರುವುದಿಲ್ಲ. ಐರ್ಲೆಂಡಿನವರ ‘ಕೇಲಿ’ಗೆ ಇಷ್ಟು ಸಾಕು. ಕೇಲಿ ಕೂತು ನೋಡುವ ನೃತ್ಯವಲ್ಲ, ಸೇರಿದವರೆಲ್ಲ ಕೈಕೈ ಹಿಡಿದು ಕುಣಿಯುವ ಕೂಟ. ಈ ಹೆಸರಿನ ಮೊದಲ ಸಾರ್ವಜನಿಕ ನೃತ್ಯಕೂಟವನ್ನು ಐರಿಶ್ ಭಾಷೆಯ ಉಳಿವಿಗಾಗಿ ಹುಟ್ಟಿದ ಗೇಲಿಕ್ ಲೀಗ್ ಎಂಬ ಸಂಘ 1897ರಲ್ಲಿ ಏರ್ಪಡಿಸಿದ್ದು ಲಂಡನ್ನಿನಲ್ಲಿ, ಊರಿನಿಂದ ದೂರ ಇದ್ದವರ ನಡುವೆ. ಬೆಂಗಳೂರಿನಿಂದ ಮಕ್ಕಳು ಬಂದು ಸೇರುವ ಮನೆಗೂ ಅದು ಒಗ್ಗುತ್ತದೆ. ಐರ್ಲೆಂಡಿನಲ್ಲಿ ಅಮ್ಮಂದಿರ ಭಾನುವಾರ ಬರುವುದು ಈಸ್ಟರಿಗೆ ಮೂರು ವಾರ ಮೊದಲು. ನಮ್ಮಲ್ಲಿ ಅದು ಪರೀಕ್ಷೆಯ ಕಾಲ, ಮೇ ತಿಂಗಳೇ ವಾಸಿ.

ಅಮ್ಮಂದಿರ ದಿನ ಎಂದು ಹೇಳಿ, ಅವರನ್ನು ಒಲೆಯ ಮುಂದೆ ನಿಲ್ಲಿಸಿ, ಮಕ್ಕಳು ಕುಣಿದು ತೋರಿಸುವುದಾದರೆ ಇಷ್ಟೆಲ್ಲ ಓಡಾಟ ಬೇಡ. ಅಮ್ಮ ಸುತ್ತಿನ ಒಳಗಿರಬೇಕು. ಅದಕ್ಕೆ ತಕ್ಕಂತೆ ಉಳಿದದ್ದನ್ನು ಹೊಂದಿಸಿಕೊಳ್ಳಿ. ಅಕ್ಕಿರೊಟ್ಟಿಯನ್ನು ಬಿಸಿಬಿಸಿಯಾಗಿ ತಟ್ಟಿ ಕೊಡಬೇಕು, ಯಾರಾದರೂ ಒಬ್ಬರು ಅಡುಗೆಮನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಆ ದಿನ ಅದು ಬೇಡ. ಮುಂಚೆಯೇ ಬೇಯಿಸಿಟ್ಟ ಕಡುಬು, ಚಟ್ನಿ, ಫ್ಲಾಸ್ಕಿನಲ್ಲಿ ಕಾಫಿ ಸಾಕು. ಮಾಡುವುದು, ಬಡಿಸುವುದು ಗಂಡಸರ ಮತ್ತು ಮಕ್ಕಳ ಪಾಲು. ತಿಂಡಿ ಕುಣಿತ ಮುಗಿದ ಮೇಲೆ. ಹೊಟ್ಟೆ ತುಂಬಿಸಿಕೊಂಡು ಗಿರಕಿ ಹೊಡೆದರೆ ವಾಕರಿಕೆ ಬರುತ್ತದೆ.

ಲಯ ಮತ್ತು ರೆಕಾರ್ಡು

ಎರಡು ಲಯ ಗೊತ್ತಿದ್ದರೆ ಸಂಜೆ ಸಾಗುತ್ತದೆ. ಜಿಗ್ ಅಂದರೆ ‘ತಕಿಟ ತಕಿಟ’, ರೀಲ್ ಅಂದರೆ ‘ತಕಧಿಮಿ ತಕಧಿಮಿ’. ಅವರ ತಾಳದ ಒಂದು ಆವರ್ತಕ್ಕೆ ‘ಬಾರ್’ ಎನ್ನುತ್ತಾರೆ. ಎರಡರಲ್ಲೂ ಬಾರ್ ಒಂದಕ್ಕೆ ಎರಡು ತಟ್ಟು. ಮೂರು ‘ತಕಿಟ’ ಕೇಳಿಸಿದರೆ ಅದು ಸ್ಲಿಪ್ ಜಿಗ್. ಕೇಳಲು ಬಹಳ ಸೊಗಸು, ಆದರೆ ಇಲ್ಲಿ ಹೇಳುವ ಕುಣಿತಕ್ಕೆ ಕೂರುವುದಿಲ್ಲ. ಧಾಟಿಯ ಮೊದಲ ಭಾಗ 8 ಬಾರ್, ಎರಡು ಸಲ. ಎರಡನೇ ಭಾಗವೂ 8 ಬಾರ್, ಎರಡು ಸಲ. ಒಟ್ಟು 32 ಬಾರ್, 64 ತಟ್ಟು. ಕುಣಿತದ ಒಂದು ಸುತ್ತಿನ ಅಳತೆಯೂ ಇಷ್ಟೇ.

ರೆಕಾರ್ಡ್ ಹಾಕುವುದಾದರೆ ಕೇಲಿ ಬ್ಯಾಂಡ್‌ನವರು ಕುಣಿತಕ್ಕೆಂದೇ ನುಡಿಸಿದ್ದನ್ನು ಹುಡುಕಿ. ಕೇಳುವುದಕ್ಕೆಂದು ಮಾಡಿದ ರೆಕಾರ್ಡುಗಳು ಹೊಸಬರ ಕಾಲಿಗೆ ತೀರಾ ಜೋರು. ಕೆಲವಕ್ಕೆ ಶುರುವಿನಲ್ಲಿ ತಾಳವಿಲ್ಲದ ಭಾಗ ಇರುತ್ತದೆ, ಕೆಲವು ನಡುವೆ ಜಿಗ್‌ನಿಂದ ರೀಲ್‌ಗೆ ಹಾರಿಬಿಡುತ್ತವೆ. ಗಡಿಯಾರ ಹಿಡಿದು ಎಣಿಸಿ: 15 ಸೆಕೆಂಡಿಗೆ 25 ತಟ್ಟು ಬಂದರೆ ಸರಿ. 30 ಬಂದರೆ ಪ್ಲೇಯರಿನಲ್ಲಿ ವೇಗವನ್ನು 0.85ಕ್ಕೆ ಇಳಿಸಿ. ಮೇ ಸಂಜೆಯ ಗುಡುಗು ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗಬಹುದು. ಹಾಡುಗಳನ್ನು ಮೊದಲೇ ಫೋನಿಗೆ ಇಳಿಸಿಕೊಂಡು, ಬ್ಯಾಟರಿ ಸ್ಪೀಕರನ್ನು ಪೂರ್ತಿ ಚಾರ್ಜ್ ಮಾಡಿ, ಎದೆಮಟ್ಟದ ಎತ್ತರಕ್ಕೆ ಇಡಿ. ನೆಲದ ಮೇಲಿಟ್ಟರೆ ಸುತ್ತಿನ ಆಚೆ ಬದಿಯವರಿಗೆ ಬರೀ ಗುಂಯ್ ಅನ್ನುತ್ತದೆ.

ಮನೆಯವರೇ ನುಡಿಸುವುದಾದರೆ

ಡಿ ಶ್ರುತಿಯ ಟಿನ್ ವಿಸಲ್, ಅಂದರೆ ತುದಿಯಿಂದ ಊದುವ ಪುಟ್ಟ ಕೊಳಲು, ಸಾಕು. ಆರೂ ರಂಧ್ರ ಮುಚ್ಚಿದರೆ ಷಡ್ಜ. ಕೆಳಗಿನಿಂದ ಒಂದೊಂದೇ ಬೆರಳು ಎತ್ತುತ್ತ ಹೋದರೆ ಶಂಕರಾಭರಣದ ಸ್ವರಗಳು ಬರುತ್ತವೆ. ಅದೇ ಬೆರಳಿಗೆ ಜೋರಾಗಿ ಊದಿದರೆ ಮೇಲಿನ ಸ್ಥಾಯಿ. ಹಿಂದೂಸ್ತಾನಿಯ ಆರು ರಂಧ್ರದ ಜಿ ಬಾನ್ಸುರಿ ಮನೆಯಲ್ಲಿದ್ದರೆ ಅದರ ಬೆರಳುಗಳೂ ಇದಕ್ಕೇ ಹೊಂದುತ್ತವೆ, ಏಕೆಂದರೆ ಅದರ ಆರೂ ರಂಧ್ರ ಮುಚ್ಚಿದಾಗ ಬರುವುದು ಡಿ. ಪಿಟೀಲಿನವರು ಷಡ್ಜವನ್ನು ಡಿಗೆ, ಅಂದರೆ ಹಾರ್ಮೋನಿಯಂನ ಬಿಳಿ ಎರಡಕ್ಕೆ ಹೊಂದಿಸಿಕೊಳ್ಳಲಿ. ಕರ್ನಾಟಕ ಸಂಗೀತ ಕಲಿತವರು ಸಾಮಾನ್ಯವಾಗಿ ಎಡವುವುದು ಗಮಕದಲ್ಲಿ. ಗಾಂಧಾರ, ನಿಷಾದಗಳನ್ನು ಅಲುಗಿಸಿದರೆ ಧಾಟಿ ಜೋತುಬೀಳುತ್ತದೆ, ಕಾಲೂ ಅದರ ಹಿಂದೆ ಜೋತುಬೀಳುತ್ತದೆ. ಪಾಶ್ಚಾತ್ಯ ಧಾಟಿಯಲ್ಲಿರುವ ದೀಕ್ಷಿತರ ನೊಟ್ಟುಸ್ವರಗಳನ್ನು ನುಡಿಸುವ ಹಾಗೆ ಸ್ವರವನ್ನು ನೇರವಾಗಿ ಹಿಡಿಯಿರಿ. ಮಲೆನಾಡಿನ ಥಂಡಿಗೆ ವಿಸಲ್ಲಿನೊಳಗೆ ಹನಿ ಕಟ್ಟಿ ಸ್ವರ ಒಡೆಯುತ್ತದೆ. ನುಡಿಸುವ ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಒಡೆದರೆ ಬಾಯಿಯ ಬಳಿಯ ಕಿಂಡಿಗೆ ಬೆರಳಿಟ್ಟು ಒಮ್ಮೆ ಜೋರಾಗಿ ಊದಿ.

ತಾಳಕ್ಕೆ ಅವರದು ಬೌರಾನ್ ಎಂಬ ಆಡಿನ ಚರ್ಮದ ಅಗಲ ವಾದ್ಯ. ನಮ್ಮ ದಮ್ಮಡಿ ಅದರ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಎಡ ಅಂಗೈಯನ್ನು ಚರ್ಮದ ಹಿಂಬದಿಗೆ ಒತ್ತಿ ಹಿಡಿದರೆ ನಾದ ತಗ್ಗಿ, ವಿಸಲ್ಲಿಗೆ ಜಾಗ ಸಿಗುತ್ತದೆ. ಬೆಂಕಿಗೆ ಕಾಯಿಸಿದ ತಮಟೆ ಬೇಡ, ಅದರ ಮುಂದೆ ವಿಸಲ್ ಕೇಳಿಸುವುದೇ ಇಲ್ಲ.

ಸುತ್ತು

ಹೊಸಬರಿಗೆ ಮೊದಲು ಕಲಿಸಬೇಕಾದದ್ದು ಸರ್ಕೇಸಿಯನ್ ಸರ್ಕಲ್. ಮೂಲದಲ್ಲಿ ಅದು ಗಂಡು–ಹೆಣ್ಣು ಜೋಡಿಯ ಕುಣಿತ. ಇಲ್ಲಿ ಹೆಣ್ಣಿನ ಜಾಗಕ್ಕೆ ಅಮ್ಮ, ಗಂಡಿನ ಜಾಗಕ್ಕೆ ಮಗ ಅಥವಾ ಮಗಳು. ಮಕ್ಕಳ ಬಲಕ್ಕೆ ಅವರವರ ಅಮ್ಮ ನಿಂತು, ಎಲ್ಲರೂ ಒಳಮುಖವಾಗಿ ಕೈ ಹಿಡಿಯಬೇಕು. ತಾನೂ ಅಮ್ಮನಾಗಿ, ತನ್ನ ಅಮ್ಮನೂ ಕಣದಲ್ಲಿರುವ ಹೆಂಗಸು ಯಾವ ಕಡೆ? ಆಕೆ ಮಗಳ ಜಾಗದಲ್ಲೇ ನಿಲ್ಲಲಿ. ವರ್ಷವಿಡೀ ಅಮ್ಮನಾಗಿರುತ್ತಾಳೆ, ಇವತ್ತು ಅವಳಿಗೂ ಒಂದು ಕೈ ಸಿಗಲಿ. ಅವಳ ಮಕ್ಕಳಿಗೆ ಚಿಕ್ಕಮ್ಮನೋ ಅತ್ತೆಯೋ ಜೋಡಿಯಾಗುತ್ತಾರೆ. ಅಮ್ಮನ ಜಾಗದವರ ಬಲ ಮಣಿಕಟ್ಟಿಗೆ ಬಣ್ಣದ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಎರಡನೇ ಸುತ್ತಿಗೇ ಎಲ್ಲ ಕಲಸುಮೇಲೋಗರ.

ಎಂಟು ಜೋಡಿಗೆ 25 ಅಡಿ ಉದ್ದ, 25 ಅಡಿ ಅಗಲದ ಜಾಗ ಬೇಕು. ನಡುವೆ ಕಲ್ಲಿಟ್ಟು, 8 ಅಡಿ ದಾರ ಹಿಡಿದು ಸೀಮೆಸುಣ್ಣದಲ್ಲಿ ವೃತ್ತ ಗೀಚಿ. ರಂಗೋಲಿ ಪುಡಿ ಬೇಡ, ಸಿಮೆಂಟಿನ ಮೇಲೆ ಕಾಲಿಗೆ ಸಿಕ್ಕರೆ ಜಾರುತ್ತದೆ. ಕಣದ ನೆರಳಿನ ಮೂಲೆಯಲ್ಲಿ ಪಾಚಿ ಇದ್ದರೆ ಹಿಂದಿನ ದಿನವೇ ಉಜ್ಜಿ ಒಣಗಿಸಿ.

ಮೊದಲ 8 ಬಾರ್: ಎಲ್ಲರೂ ನಾಲ್ಕು ಹೆಜ್ಜೆ ಒಳಗೆ, ನಾಲ್ಕು ಹೆಜ್ಜೆ ಹಿಂದಕ್ಕೆ, ಮತ್ತೊಮ್ಮೆ ಹಾಗೇ. ಮುಂದಿನ 4 ಬಾರ್: ಅಮ್ಮಂದಿರು ಮಾತ್ರ ಒಳಗೆ ಹೋಗಿ ಚಪ್ಪಾಳೆ ತಟ್ಟಿ ಹಿಂದಕ್ಕೆ. ಆಮೇಲಿನ 4 ಬಾರ್: ಮಕ್ಕಳು ಒಳಗೆ ಹೋಗಿ, ಅಲ್ಲೇ ಹಿಂದಿರುಗಿ, ತಮ್ಮ ಎಡಕ್ಕಿದ್ದ ಅಮ್ಮನ ಕಡೆ ಬರಬೇಕು. 8 ಬಾರ್ ಆ ಅಮ್ಮನ ಎರಡೂ ಕೈ ಹಿಡಿದು ತಿರುಗುವುದು. ಕೊನೆಯ 8 ಬಾರ್ ಅವರನ್ನು ಬಲಕ್ಕಿಟ್ಟುಕೊಂಡು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿನಲ್ಲಿ ನಡಿಗೆ. ಸಂಗೀತವಿಲ್ಲದೆ ಎರಡು ಸಲ, ಸಂಗೀತದೊಂದಿಗೆ ಒಂದು ಸಲ ನಡೆದು ನೋಡಿ, ಆಮೇಲೆ ಕುಣಿಯಿರಿ.

ಪ್ರತಿ ಸುತ್ತಿಗೂ ಮಕ್ಕಳು ಒಬ್ಬ ಅಮ್ಮನಿಂದ ಪಕ್ಕದ ಅಮ್ಮನಿಗೆ ದಾಟುತ್ತಾರೆ. ದೊಡ್ಡಮ್ಮ, ಅತ್ತೆ, ಪಕ್ಕದ ತೋಟದವರ ಅಮ್ಮ, ಹೀಗೆ ಎಲ್ಲರ ಕೈ ಹಿಡಿದು, ಎಂಟು ಜೋಡಿ ಇದ್ದರೆ ಸರಿಯಾಗಿ ಎಂಟನೇ ಸುತ್ತಿನ ಗಿರಕಿಯಲ್ಲಿ ಸ್ವಂತ ಅಮ್ಮ ಎದುರಾಗುತ್ತಾರೆ. ಇದನ್ನು ಮೊದಲೇ ಯಾರಿಗೂ ಹೇಳಬೇಡಿ. ಆ ಕ್ಷಣಕ್ಕೋಸ್ಕರವೇ ಎಷ್ಟು ಜೋಡಿಯೋ ಅಷ್ಟೇ ಸುತ್ತು ನುಡಿಸಬೇಕು. ಸುತ್ತಿಗೆ 38 ಸೆಕೆಂಡ್ ಲೆಕ್ಕದಲ್ಲಿ ಎಂಟಕ್ಕೆ ಐದು ನಿಮಿಷಕ್ಕಿಂತ ತುಸು ಹೆಚ್ಚು. ನಡುವೆ ಯಾರಾದರೂ ಸುಸ್ತಾಗಿ ಹೊರಟರೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಅದೇ ಬಣ್ಣದ ಬಟ್ಟೆ ಕಟ್ಟಿದ ಒಬ್ಬರನ್ನು ಬದಲಿಗೆ ಹೊರಗೆ ನಿಲ್ಲಿಸಿರಿ.

ಕೂಗಿ ಹೇಳುವವರು ಒಬ್ಬರೇ ಇರಲಿ, ಹನ್ನೆರಡು ವರ್ಷದ ಮಗುವೂ ಆದೀತು. ‘ಒಳಗೆ’, ‘ಅಮ್ಮಂದಿರು’, ‘ಮಕ್ಕಳು’, ‘ತಿರುಗಿ’, ‘ನಡೀರಿ’, ಈ ಐದು ಮಾತು ಸಾಕು. ಆದರೆ ಹಿಂದಿನ ಭಾಗದ ಕೊನೆಯ ಎರಡು ಬಾರ್ ಇರುವಾಗಲೇ ಕೂಗಬೇಕು. ಹೊಸ ಭಾಗ ಶುರುವಾದ ಮೇಲೆ ಕೂಗಿದರೆ ಇಡೀ ಸುತ್ತು ಒಂದು ಹೆಜ್ಜೆ ತಡವಾಗಿ, ಒಬ್ಬರ ಕಾಲು ಒಬ್ಬರು ತುಳಿಯುತ್ತಾರೆ.

ಸೀರೆಯವರು ನೆರಿಗೆಗೆ ಪಿನ್ನು ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಚನ್ನು ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲಕ್ಕೆ ಉಟ್ಟರೆ ತೊಡರುವುದಿಲ್ಲ. ಕುಣಿಯುವ ಹೆಜ್ಜೆ ‘ಹಾರು–ಒಂದು–ಎರಡು–ಮೂರು’. ಮಂಡಿ ನೋವಿರುವವರು ಹಾರದೆ ನಡೆದರೂ ಲಯ ಕೆಡುವುದಿಲ್ಲ, ಗಿರಕಿಯ ಬದಲು ಬಲಗೈ ಹಿಡಿದು ಮೆಲ್ಲಗೆ ಒಂದು ಸುತ್ತು ಸಾಕು. ಒರಟು ಸಿಮೆಂಟಿನ ಮೇಲೆ ಬರಿಗಾಲು ಬೇಡ, ಮೆತ್ತನೆಯ ಕ್ಯಾನ್ವಾಸ್ ಶೂ ಹಾಕಿಕೊಳ್ಳಿ. ನಿಲ್ಲಲಾರದ ಅಜ್ಜಿಗೆ ವೃತ್ತದ ನಡುವೆ ಕುರ್ಚಿ ಹಾಕಿ. ‘ಒಳಗೆ’ ಅಂದಾಗಲೆಲ್ಲ ಎಲ್ಲರೂ ಅವರ ಹತ್ತಿರಕ್ಕೇ ಬರುತ್ತಾರೆ. ಕುರ್ಚಿಯ ಸುತ್ತ 3 ಅಡಿಯ ಇನ್ನೊಂದು ಗೆರೆ ಗೀಚಿ, ಯಾರೂ ಅದನ್ನು ದಾಟದಿರಲಿ.

ಇದು ಕೈವಶವಾದರೆ ರೀಲ್ ಲಯಕ್ಕೆ ವಾಲ್ಸ್ ಆಫ್ ಲಿಮರಿಕ್ ಕಲಿಯಬಹುದು. ಜೋಡಿಗೆ ಜೋಡಿ ಎದುರು ನಿಂತು ಆಡಿ, ಸುತ್ತಿಗೊಮ್ಮೆ ಹೊಸ ಜೋಡಿಯ ಎದುರಿಗೆ ಹೋಗುವ ಕುಣಿತ ಅದು. ಒಂದೇ ಸಂಜೆಗೆ ಎರಡಕ್ಕಿಂತ ಹೆಚ್ಚು ಕಲಿಸಲು ಹೋಗಬೇಡಿ.

ಕೊನೆಗೆ ಜೋಗುಳ

ಐರ್ಲೆಂಡಿನ ಹಳೆಯ ಹಾರ್ಪ್ ಸಂಗೀತದಲ್ಲಿ ಮೂರು ಬಗೆ ಎಣಿಸುತ್ತಾರೆ: ನಲಿಸುವುದು, ಅಳಿಸುವುದು, ಮಲಗಿಸುವುದು. ಮಲಗಿಸುವುದಕ್ಕೆ ಸೂಅನ್‌ತ್ರೀ ಎಂದು ಹೆಸರು, ನಮ್ಮ ಜೋಗುಳವೇ. ಕುಣಿತ, ಕಾಫಿ ಮುಗಿದ ಮೇಲೆ ಸ್ಪೀಕರ್ ಆರಿಸಿ, ದಮ್ಮಡಿ ಕೆಳಗಿಡಿ. ವಿಸಲ್ಲಿನಲ್ಲಿ ನಿಧಾನದ ಒಂದು ಸೂಅನ್‌ತ್ರೀ ನುಡಿಸಿ, ಷಡ್ಜದಲ್ಲಿ ನಿಲ್ಲಿಸಿ. ಆಮೇಲೆ ಮನೆಯ ಹಿರಿಯಮ್ಮ ತಾನು ಮಕ್ಕಳಿಗೆ ಹಾಡುತ್ತಿದ್ದ ಜೋಗುಳ ಎತ್ತಿಕೊಳ್ಳಲಿ, ತನಗೆ ಒಗ್ಗುವ ಶ್ರುತಿಯಲ್ಲೇ. ಅವರ ಗಂಟಲು ಡಿಗೆ ಏರದಿದ್ದರೆ ವಿಸಲ್ ಹಿಂಬಾಲಿಸಲು ಹೋಗಬಾರದು, ಸುಮ್ಮನಿರಬೇಕು. ಸಾಲು ಮರೆತರೆ ಮಕ್ಕಳು ‘ಜೋ ಜೋ’ ಎಂದು ಹಿಡಿದುಕೊಂಡಿರಲಿ, ಸಾಲು ನೆನಪಾಗುವ ತನಕ.