ಸ್ಟಾಕ್ ಟೋಟಲ್ ಟೇಬಲ್‌ನಲ್ಲೇ ಇಡೋದಾ, ಪ್ರತಿ ಸಲ ಕೂಡೋದಾ? ನನ್ನ ಅನುಭವ

ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಮಾಡುವಾಗ ನಾನು ಮೊದ್ಲು ಮಾಡಿದ್ದು ಎಲ್ರೂ ಮಾಡೋದೇ, ಪ್ರಾಡಕ್ಟ್ ಟೇಬಲ್‌ನಲ್ಲಿ ಒಂದು ಕ್ವಾಂಟಿಟಿ ಕಾಲಂ, ಮಾಲು ಬಂದ್ರೆ ಕೂಡು, ಹೋದ್ರೆ ಕಳಿ. ಪ್ರೋಗ್ರಾಂ ಒಳಗೇ ಹಳೇ ಸಂಖ್ಯೆ ಓದಿ, ಕಳೆದು, ವಾಪಸ್ ಬರೀತಿದ್ದೆ. 10 ಇತ್ತು, ಒಬ್ರು 3 ಮಾರಿದ್ರು, ಅದೇ ಕ್ಷಣಕ್ಕೆ ಇನ್ನೊಬ್ರು 2, ಇಬ್ರಿಗೂ ಕಂಡಿದ್ದು 10, ಕೊನೆಗೆ 5 ಉಳೀಬೇಕಾದ ಕಡೆ 8 ಉಳೀತು. ಓದಿ ಬರೆಯೋದು ಬಿಟ್ಟು ಅಪ್ಡೇಟ್ ಸ್ಟೇಟ್‌ಮೆಂಟಲ್ಲೇ ಕಳೆಯೋ ಹಾಗೆ ಮಾಡಿ, ಅದನ್ನ ಟ್ರಿಗರ್‌ಗೆ (ಸಾಲು ಸೇರಿದ್ರೆ, ಅಳಿಸಿದ್ರೆ ಡೇಟಾಬೇಸ್ ತಾನೇ ಓಡಿಸೋ ಕೋಡ್) ಹಾಕಿ ನಿರಾಳ ಆದೆ.

ನಿರಾಳ ಅಂದ್ಕೊಂಡಿದ್ದೆ ಅಷ್ಟೇ. ಯಾರೋ ಒಂದು ಬಿಲ್ ಡಿಲೀಟ್ ಮಾಡಿದ್ರು, ಫಾರಿನ್ ಕೀ ಕ್ಯಾಸ್ಕೇಡ್ (ಬಿಲ್ ಅಳಿಸಿದ್ರೆ ಅದಕ್ಕೆ ಸೇರಿದ ಸಾಲುಗಳನ್ನೂ ಡೇಟಾಬೇಸೇ ಅಳಿಸೋ ವ್ಯವಸ್ಥೆ) ಇದ್ದಿದ್ರಿಂದ ಅದರ ಸಾಲುಗಳೂ ಹೋದ್ವು, ಆದ್ರೆ ವಾಪಸ್ ಕೂಡ್ಬೇಕಿದ್ದ ಸ್ಟಾಕ್ ಮಾತ್ರ ಅಲುಗಾಡ್ಲಿಲ್ಲ. ಎರಡು ದಿನ ನನ್ನ ಕೋಡನ್ನೇ ಬೈಕೊಂಡು ಕೂತಿದ್ದೆ, ಆಮೇಲೆ ಗೊತ್ತಾಯ್ತು ನಾನು ಬಳಸ್ತಿದ್ದ ಡೇಟಾಬೇಸ್ ಮೈಎಸ್‌ಕ್ಯೂಎಲ್ 8ರಲ್ಲಿ ಕ್ಯಾಸ್ಕೇಡ್‌ನಿಂದ ಅಳಿಸಿಹೋಗೋ ಸಾಲಿಗೆ ಟ್ರಿಗರ್ ಓಡೋದೇ ಇಲ್ಲ ಅಂತ. (ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್‌ನಲ್ಲಿ ಓಡುತ್ತೆ, ಅದು ಬೇರೆ ಹೊಟ್ಟೆ ಉರಿ.)

ಸಿಟ್ಟಲ್ಲಿ ಕಾಲಂ ಕಿತ್ತೆಸೆದೆ, ಇನ್ಮೇಲೆ ಮಾಲು ಬಂದ, ಹೋದ ಸಾಲುಗಳನ್ನೆಲ್ಲ ಸಮ್ ಹಾಕಿಯೇ (ಕೂಡಿಯೇ) ಸ್ಟಾಕ್ ತೆಗೆಯೋದು ಅಂತ. ಪ್ರಾಡಕ್ಟ್ ಐಡಿ, ಕ್ವಾಂಟಿಟಿ ಎರಡೂ ಸೇರಿಸಿ ಒಂದು ಇಂಡೆಕ್ಸ್ (ಬೇಗ ಹುಡುಕೋಕೆ ಡೇಟಾಬೇಸ್ ಇಟ್ಕೊಳ್ಳೋ ಸೂಚಿ) ಕೊಟ್ಟೆ, ಮೂಲ ಟೇಬಲ್ ಮುಟ್ಟದೆ ಇಂಡೆಕ್ಸಲ್ಲೇ ಲೆಕ್ಕ ಮುಗಿಯುತ್ತೆ, ಒಂದು ಪ್ರಾಡಕ್ಟ್‌ಗೆ ಕಣ್ಣು ಮಿಟುಕಿಸೋದ್ರಲ್ಲಿ ಉತ್ತರ. ಒಂದು ವ್ಯವಹಾರವೂ ಇಲ್ಲದ ಹೊಸ ಪ್ರಾಡಕ್ಟ್‌ಗೆ ಸೊನ್ನೆ ಬದ್ಲು ನಲ್ (ಬೆಲೆಯೇ ಇಲ್ಲದ ಖಾಲಿ) ಬಂತು, ನಲ್ ಇದ್ರೆ ಸೊನ್ನೆ ಕೊಡೋ ಹಾಗೆ ಕೋಲೆಸ್ ಫಂಕ್ಷನ್ ಹಾಕಿ ಸರಿ ಮಾಡ್ದೆ. ತೊಂದ್ರೆ ಶುರುವಾಗಿದ್ದು ಎಲ್ಲ ಪ್ರಾಡಕ್ಟ್ ಒಟ್ಟಿಗೆ ತೋರಿಸೋ ಪೇಜಲ್ಲಿ, ಸಾಲುಗಳು ಬೆಳೀತಾ ಹೋದ ಹಾಗೆ ಅದು ತೆವಳೋಕೆ ಶುರು ಮಾಡ್ತು, ಯಾಕಂದ್ರೆ ಪ್ರತಿ ಸಲ ಮೊದಲ ದಿನದಿಂದ ಕೂಡ್ಕೊಂಡು ಬರ್ಬೇಕಲ್ಲ.

ಆಗ ಹೊಳೆದಿದ್ದು ಲೆಕ್ಕ ಬರೆಯೋರ ಹಳೇ ಪದ್ಧತಿ, ತಿಂಗಳ ಕೊನೆಗೆ ಆಖೈರು ಶಿಲ್ಕು (ಕೊನೆಗೆ ಉಳಿದದ್ದು) ಬರೆದು ಗೆರೆ ಎಳೆಯೋದು. ಬೇರೆ ಟೇಬಲ್ ಮಾಡಿ ಪ್ರಾಡಕ್ಟ್, ತಿಂಗಳು, ಆಖೈರು ಸಂಖ್ಯೆ ಇಟ್ಟೆ, ಈಗಿನ ಸ್ಟಾಕ್ ಬೇಕಂದ್ರೆ ಕೊನೇ ಆಖೈರಿಗೆ ಅಲ್ಲಿಂದಾಚೆಯ ಸಾಲುಗಳನ್ನ ಮಾತ್ರ ಕೂಡಿದ್ರೆ ಸಾಕು. ಷರತ್ತು ಒಂದೇ, ಮುಚ್ಚಿದ ತಿಂಗಳಿಗೆ ಹಿಂದಿನ ತಾರೀಖು ಹಾಕಿ ಎಂಟ್ರಿ ಮಾಡೋ ಹಾಗಿಲ್ಲ, ತಪ್ಪಾಗಿದ್ರೆ ಈ ತಿಂಗಳಲ್ಲೇ ತಿದ್ದುಪಡಿ ಸಾಲು. ಇದನ್ನ ಒಪ್ಪಿಸೋದೇ ಕೋಡ್ ಬರೆಯೋದಕ್ಕಿಂತ ಕಷ್ಟ ಆಯ್ತು ಬಿಡಿ.

ಬಿಲ್ ಮೊತ್ತ ಮಾತ್ರ ಮೊದಲಿಂದ್ಲೂ ಕಾಲಂನಲ್ಲೇ ಇಟ್ಟಿದೀನಿ. ಗಿರಾಕಿ ಕೈಗೆ ಕೊಟ್ಟ ಕಾಗದದಲ್ಲಿ ಏನಿತ್ತು ಅನ್ನೋದು ನಡೆದುಹೋದ ಸಂಗತಿ, ನಾಳೆ ದರ ಬದಲಾಯ್ತು ಅಂತ ಅದನ್ನ ಮತ್ತೆ ಲೆಕ್ಕ ಹಾಕಿದ್ರೆ ಬೇರೆ ಸಂಖ್ಯೆ ಬಂದು ಕೂರುತ್ತೆ.

ಈಗ್ಲೂ ರಾತ್ರಿ ಒಂದು ಕ್ವೆರಿ ಓಡುತ್ತೆ, ಎಲ್ಲ ಸಾಲು ಮೊದಲಿಂದ ಕೂಡಿ ಆಖೈರು ಸಂಖ್ಯೆಗಳ ಜೊತೆ ತಾಳೆ ನೋಡುತ್ತೆ, ವ್ಯತ್ಯಾಸ ಇದ್ರೆ ಬೆಳಿಗ್ಗೆ ನನಗೆ ಮೇಲ್.