4,29,49,67,297 ಅನ್ನು ಕೈಯಲ್ಲೇ ಒಡೆದದ್ದು

2ರ 32ನೇ ಘಾತಕ್ಕೆ 1 ಕೂಡಿಸಿದರೆ 4,29,49,67,297 ಬರುತ್ತದೆ. ಘಾತ 1, 2, 4, 8, 16 ಅಂತ ದುಪ್ಪಟ್ಟಾಗುವ ಸಾಲಿನಲ್ಲಿ ಇದು ಆರನೆಯದು. ಇದಕ್ಕೆ ಮೊದಲಿನ 3, 5, 17, 257, 65537 ಎಲ್ಲವೂ ಅವಿಭಾಜ್ಯ. ಇದೂ ಹಾಗೇ ಇರಬೇಕು ಎಂದು 17ನೇ ಶತಮಾನದಲ್ಲಿ ಫರ್ಮಾ ನಂಬಿದ್ದ. 1732ರಲ್ಲಿ ಆಯ್ಲರ್ ಅದನ್ನು ಒಡೆದು ತೋರಿಸಿದ. ಉತ್ತರ ಗೊತ್ತಿರುವುದೇ. ಕೈಯಲ್ಲಿ ಮಾಡಿದರೆ ಎಷ್ಟು ಕೆಲಸ ಬೀಳುತ್ತದೆ ಅಂತ ನೋಡಲು ನಾನು ಹಾಳೆ, ಪೆನ್ನು ಹಿಡಿದು ಕೂತೆ.

ಇದರ ವರ್ಗಮೂಲ 65536ರ ಆಸುಪಾಸು. ಅದರೊಳಗೆ 6542 ಅವಿಭಾಜ್ಯಗಳಿವೆ. ಒಂದೊಂದರಿಂದಲೂ ಭಾಗಿಸುತ್ತಾ ಕೂತರೆ ಮುಗಿಯುವ ಮಾತಲ್ಲ. ಹಾಗಾಗಿ ಮೊದಲು ಯಾವುದನ್ನು ಬಿಡಬಹುದು ಅಂತ ನೋಡಿದೆ.

p ಎಂಬ ಅವಿಭಾಜ್ಯ ಇದನ್ನು ಭಾಗಿಸುತ್ತದೆ ಎಂದುಕೊಳ್ಳಿ. 2ರ ಘಾತಗಳನ್ನು p ಇಂದ ಭಾಗಿಸುತ್ತಾ ಹೋದರೆ 32ನೇ ಘಾತಕ್ಕೆ ಶೇಷ −1, 64ನೆಯದಕ್ಕೆ 1. ಅಲ್ಲಿಂದ ಶೇಷಗಳು ಮೊದಲಿನಿಂದ ಸುತ್ತುತ್ತವೆ. ಫರ್ಮಾನ ಕಿರು ಪ್ರಮೇಯದ ಪ್ರಕಾರ (p−1)ನೇ ಘಾತಕ್ಕೂ ಶೇಷ 1, ಹಾಗಾಗಿ p−1 ಈ 64ರಿಂದ ಭಾಗವಾಗಲೇಬೇಕು. ತನ್ನದೇ ಪ್ರಮೇಯ ಕೈಯಲ್ಲಿದ್ದೂ ಅವನು ಇದನ್ನು ಹಿಡಿಯಲಿಲ್ಲ ನೋಡಿ!

64ರ ಗುಣಕಕ್ಕೆ 1 ಕೂಡಿಸುತ್ತಾ ಹೋದೆ. ಅವಿಭಾಜ್ಯವಾಗಿ ಉಳಿದವು 193, 257, 449, 577, 641. ಇದರಲ್ಲಿ 257 ಕೂಡ ಬೇಡ. ಯಾಕೆಂದರೆ ಸಾಲಿನ ಮೊದಲ ಐದನ್ನು ಗುಣಿಸಿದರೆ 4,29,49,67,295. ನಮ್ಮ ಸಂಖ್ಯೆಗಿಂತ ಸರಿಯಾಗಿ 2 ಕಡಿಮೆ! 257 ಎರಡನ್ನೂ ಭಾಗಿಸಿದರೆ 2ನ್ನೂ ಭಾಗಿಸಬೇಕಾಗುತ್ತದೆ, ಅದು ಆಗದ ಮಾತು.

ಹತ್ತು ಅಂಕಿಯ ಉದ್ದ ಭಾಗಾಕಾರವನ್ನೂ ನಾನು ಮಾಡಲಿಲ್ಲ. 65536ರ ಶೇಷ ತೆಗೆದು, ಅದನ್ನು ವರ್ಗ ಮಾಡಿ, ಮತ್ತೆ ಶೇಷ ತೆಗೆದು 1 ಕೂಡಿಸಿದರೆ ಸಾಕು. 193ಕ್ಕೆ 109 ಬಂತು, 449ಕ್ಕೆ 325, 577ಕ್ಕೆ 288. ಆಮೇಲೆ 641. 65536ರ ಶೇಷ 154. ಅದರ ವರ್ಗ 23716, ಶೇಷ 640. ಒಂದು ಕೂಡಿಸಿದರೆ 641, ಅಂದರೆ ಸೊನ್ನೆ. ಈಗ ಉದ್ದಕ್ಕೆ ಭಾಗಿಸಿದೆ: 67,00,417.

ಇದು ಇನ್ನೂ ಒಡೆಯುತ್ತದಾ? ನನಗೆ ಜಾಸ್ತಿ ಖುಷಿ ಕೊಟ್ಟದ್ದು ಈ ಭಾಗ. ಇದರ ಅಪವರ್ತನಗಳು ದೊಡ್ಡ ಸಂಖ್ಯೆಯನ್ನೂ ಭಾಗಿಸಬೇಕು, ಹಾಗಾಗಿ ಅದೇ ನಿಯಮ ಇವಕ್ಕೂ ಅನ್ವಯ. 1878ರಲ್ಲಿ ಲ್ಯೂಕಾ ಎಂಬ ಗಣಿತಜ್ಞ p−1 ಬರೀ 64ರಿಂದಲ್ಲ, 128ರಿಂದಲೇ ಭಾಗವಾಗಬೇಕು ಎಂದು ತೋರಿಸಿದ್ದರಿಂದ ಜರಡಿ ಇನ್ನೂ ಬಿಗಿ. ವರ್ಗಮೂಲ 2588. ಅಷ್ಟರೊಳಗೆ 257 ಬಿಟ್ಟರೆ ಉಳಿದವು 641, 769, 1153, 1409 ಮಾತ್ರ. ಶೇಷಗಳು ಕ್ರಮವಾಗಿ 44, 120, 334, 622. ಯಾವುದೂ ಸೊನ್ನೆಯಲ್ಲ, ಅಂದರೆ 67,00,417 ಅವಿಭಾಜ್ಯವೇ. 67 ಲಕ್ಷದ ಸಂಖ್ಯೆಯೊಂದನ್ನು ಅವಿಭಾಜ್ಯ ಎಂದು ಸಾಧಿಸಲು ನಾಲ್ಕೇ ಭಾಗಾಕಾರ!

ಸಾಲಿನ ಮುಂದಿನದು 2ರ 64ನೇ ಘಾತಕ್ಕೆ 1 ಕೂಡಿಸಿದ್ದು. ಅದರ ಸಣ್ಣ ಅಪವರ್ತನ 2,74,177. 1880ರಲ್ಲಿ ಲಾಂಡ್ರಿ ಅದನ್ನು ಕಂಡುಹಿಡಿದಾಗ ಕಂಪ್ಯೂಟರ್ ಇರಲಿಲ್ಲ. ಅಷ್ಟು ತಾಳ್ಮೆ ನನಗಿಲ್ಲ, ಅದನ್ನು ಪೈಥಾನ್‌ಗೆ ಬಿಟ್ಟೆ.